ಗುಡಿಸುವ ಬಸ್ಸಿನ ಮುಂದೆ

ಜೂನ್ ೪

ಕಡ್ಡಿಗೆ ಮಾವನ ಆಶೀರ್ವಾದ.

ಫೋನ್ ಮಾಡದೆ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ಕೇಳಿಸಿಕೊಳ್ಳಲೇಬೇಕು. ಹಳ್ಳಿ ಶಾಲೆಯಲ್ಲಿ ನನ್ನ ಅಕ್ಷರ ತೋರಿಸಿ ಮೇಷ್ಟ್ರು ಉಳಿದ ಹುಡುಗರ ಕಿವಿ ಹಿಂಡುತ್ತಿದ್ದರು. ಆ ಅಕ್ಷರ ಇನ್ನೂ ತುಕ್ಕು ಹಿಡಿದಿಲ್ಲ, ನೀನೇ ನೋಡುತ್ತಿದ್ದೀಯ.

ವಿಷಯ ಇಷ್ಟೇ. ಡಿಸೆಂಬರಿನಲ್ಲಿ ಇಲ್ಲಿ ಮ್ಯಾರಥಾನ್ ಇದೆ. ನಾನು ಓಡುತ್ತೇನೆ.

ನಗು ಮುಗಿಯಿತೆ? ಸರಿ, ಮುಂದೆ ಓದು.

ಪ್ರತಿ ವರ್ಷ ಆ ಓಟಕ್ಕೆ ನಮ್ಮ ಡಿಪೋದಿಂದ ಒಂದು ಬಸ್ಸು ಹೋಗುತ್ತದೆ. ಎಲ್ಲರಿಗಿಂತ ಹಿಂದೆ, ಗೊತ್ತುಮಾಡಿದ ಒಂದೇ ವೇಗದಲ್ಲಿ ತೆವಳುತ್ತಾ ಬರುತ್ತದೆ. ಅದರ ಕೈಗೆ ಸಿಕ್ಕ ಓಟಗಾರರನ್ನು ಹತ್ತಿಸಿಕೊಂಡು ರಸ್ತೆ ಖಾಲಿ ಮಾಡುತ್ತದೆ. ನಾವು ಅದನ್ನು ಗುಡಿಸುವ ಬಸ್ಸು ಎನ್ನುತ್ತೇವೆ. ಅದನ್ನು ಓಡಿಸುವವನು ಹಾರ್ನ್. ನನ್ನ ಪಕ್ಕ ಕೂತು ಸ್ಟಿಯರಿಂಗ್ ಹಿಡಿಯಲು ಕಲಿತವನು. ಖಾಲಿ ರಸ್ತೆಯಲ್ಲೂ ಬೀಪ್ ಬೀಪ್ ಅನ್ನಿಸುತ್ತಾನೆಂದು ಆ ಹೆಸರಿಟ್ಟವನೂ ನಾನೇ. ಮೊನ್ನೆ ಕ್ಯಾಂಟೀನಿನಲ್ಲಿ ಅವನು ಕೊಚ್ಚಿಕೊಳ್ಳುತ್ತಿದ್ದ.

"ಬಸ್ ಹತ್ತಿ ಅಳ್ತಾರೆ ಗುರುಗಳೇ, ಅಷ್ಟಷ್ಟು ಗಟ್ಟಿ ಜನ."

"ನಾನಾಗಿದ್ರೆ ನಿನ್ನ ಬಸ್ಸಿಗೆ ನನ್ನ ಬೆನ್ನು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ" ಎಂದೆ.

"ನೀವಾ? ಬಸ್ಸಿನ ಮೆಟ್ಲು ಇಳಿಯೋಕೇ ಎರಡೂ ಕೈಲಿ ಕಂಬಿ ಹಿಡ್ಕೊಳ್ತೀರ!"

ಎಲ್ಲರೂ ನಕ್ಕರು. ನನ್ನ ಟೀಗೆ ಕೇಳದೆಯೇ ಸಕ್ಕರೆ ಹೆಚ್ಚು ಹಾಕುವ ಕ್ಯಾಂಟೀನಿನಕ್ಕನೂ ನಕ್ಕಳು. ನನಗೆ ರೇಗಿತು. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಿನ್ನ ಬಸ್ಸು ನನ್ನ ದಾಟಿದ್ರೆ, ಅದನ್ನ ಇನ್ನೊಂದು ಓಟದಲ್ಲಿ ಹಿಂದೆ ಹಾಕೋವರೆಗೂ ಈ ಕ್ಯಾಂಟೀನಲ್ಲಿ ನಾನು ಒಂದೇ ಒಂದು ಮಾತೂ ಆಡಲ್ಲ. ನಾನು ಗೆದ್ರೆ, ನಾನು ಹೇಳೋ ಕಥೆಯೆಲ್ಲ ನೀನು ಆಕಳಿಸದೆ ಕೇಳ್ಬೇಕು, ನಾನು ರಿಟೈರ್ ಆಗೋವರೆಗೂ."

ಹಾರ್ನ್ ಕೈ ಕುಲುಕಿದ. ಆದ್ದರಿಂದ ನೀನು ಒಮ್ಮೆ ಓಡಿದೆಯಲ್ಲ, ಆಗ ಇಟ್ಟುಕೊಂಡಿದ್ದ ತಯಾರಿಯ ಪಟ್ಟಿ ಇದ್ದರೆ ಕಳಿಸು. ಒಳ್ಳೆಯದನ್ನೇ ಕಳಿಸು.

ಇಂತಿ,
ಇನ್ನೂ ಕಾಲು ಗಟ್ಟಿಯಿರುವ ನಿನ್ನ ಸೋದರಮಾವ


ಜೂನ್ ೧೩

ಮಾವನಿಗೆ ನಮಸ್ಕಾರ.

ನಗಲಿಲ್ಲ. ಕಾಗದ ಓದುವಾಗ ಒಬ್ಬರ ಬಾಯಲ್ಲಿ ಹತ್ತಿ ಇಟ್ಟು ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಿದ್ದೆ. ಅವರೇ ನನ್ನ ಮುಖ ನೋಡಿ ಹೆದರಿದರು.

ನನ್ನ ಓಟ ಹೇಗೆ ಮುಗಿಯಿತೆಂದು ನಿಮಗೆ ಚೆನ್ನಾಗಿ ಗೊತ್ತು. ಮನೆಮಂದಿಗೆಲ್ಲ ಹಾಡಿ ಹೇಳಿದವರೇ ನೀವು. ನಾನು ಗುಡಿಸುವ ಬಸ್ಸು ಹತ್ತಿದವಳು. ಒಳಗೆ ಒದ್ದೆ ಟವೆಲಿನ ವಾಸನೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಕಿಟಕಿಯಾಚೆ ಇನ್ನೂ ಓಡುತ್ತಿರುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ಆದರೆ ಮನೆಗೆ ಬಂದು ಮಲಗಿದೆ, ಎದ್ದೆ, ಕೆಲಸಕ್ಕೆ ಹೋದೆ. ನಾನು ಕಳೆದುಕೊಂಡದ್ದು ಅಷ್ಟೇ.

ನೀವು ಪಣಕ್ಕಿಟ್ಟದ್ದು ಅಷ್ಟೇ ಅಲ್ಲ. ಅತ್ತೆ ಹೋದ ಮೇಲೆ ಆ ಕ್ಯಾಂಟೀನು ಬಿಟ್ಟರೆ ನಿಮಗೆ ಮಾತಾಡಲು ಯಾರಿದ್ದಾರೆ ಮಾವ? ಹೋಗಿ ಹೋಗಿ ಅದನ್ನೇ ಇಟ್ಟಿರಾ?

ಮೂರು ಹಾಳೆ ಕಳಿಸಿದ್ದೇನೆ. ಮೊದಲನೆಯದು ಎಂದೂ ಓಡದವರಿಗೆ: ಸ್ವಲ್ಪ ಓಡುವುದು, ಒಂದು ನಿಮಿಷ ನಡೆಯುವುದು, ಮತ್ತೆ ಓಡುವುದು, ಕೊನೆಯ ತನಕ ಹೀಗೇ. ಎರಡನೆಯದು ಆಗಲೇ ವಾರಕ್ಕೆ ಮೂರು ನಾಲ್ಕು ದಿನ ಓಡುವವರಿಗೆ. ಮೂರನೆಯದು ಹಿಂದೆ ಮ್ಯಾರಥಾನ್ ಮುಗಿಸಿ, ಈಗ ಇನ್ನೂ ಬೇಗ ಮುಗಿಸಬೇಕು ಎನ್ನುವವರಿಗೆ. ಅದು ನನ್ನ ಗೆಳತಿಯದು, ನಿಮಗೆ ಹೋಲಿಸಿ ನೋಡಲು ಮಾತ್ರ. ನೀವು ಮೊದಲನೆಯದನ್ನು ಆರಿಸಿ. ಅದಕ್ಕೂ ಮೊದಲು ಡಾಕ್ಟರಿಗೆ ಎದೆ ತೋರಿಸಿ.

ನಿಮ್ಮ
ಕಡ್ಡಿ


ಜೂನ್ ೨೨

ಕಡ್ಡಿಗೆ ಆಶೀರ್ವಾದ.

ಡಾಕ್ಟರಮ್ಮ ಎದೆಗೆ ತಂತಿ ಅಂಟಿಸಿ ನೋಡಿದರು. ಹೊಸ ಎಂಜಿನ್ನಿನ ಹಾಗಿದೆ ಎಂದರು. ಅಂದರೆ, ಅವರು "ತೊಂದರೆ ಇಲ್ಲ, ನಿಧಾನವಾಗಿ ಶುರು ಮಾಡಿ" ಎಂದರು. ಅರ್ಥ ಅದೇ.

ಮೂರು ಹಾಳೆಯನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೊದಲನೆಯದು ಎಲ್ಲ ಸ್ಟಾಪಿನ ಬಸ್ಸು. ಎರಡನೆಯದು ಕೆಲವೇ ಸ್ಟಾಪಿನದು. ಮೂರನೆಯದು ಎಕ್ಸ್‌ಪ್ರೆಸ್. ಮೂವತ್ತು ವರ್ಷ ನನಗೆ ಎಲ್ಲ ಸ್ಟಾಪಿನ ಬಸ್ಸೇ ಕೊಟ್ಟರು, ತಾಯಿ. ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲಿಸಿದೆ. ಛತ್ರಿ ಮಡಚುವವರಿಗೆ ಕಾದೆ, ಚಪ್ಪಲಿ ಕಳಚಿಕೊಂಡವರಿಗೆ ಕಾದೆ. ಎಕ್ಸ್‌ಪ್ರೆಸ್ ಹೊಡೆಯುವವರು ನಮ್ಮನ್ನು ದಾಟಿಕೊಂಡು ಹೋಗುವಾಗ ಎರಡು ಬೆರಳು ಎತ್ತಿ ಸಲಾಮು ಮಾಡುತ್ತಿದ್ದರು. ಆ ಎರಡು ಬೆರಳು ನನಗೆ ಇಷ್ಟು ವರ್ಷ ಉರಿದಿವೆ.

ಮೂರನೆಯದನ್ನು ಆರಿಸಿದ್ದೇನೆ. ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಅಲ್ಲಿ ಈಗ ಹೊಗೆಯೂ ಇಲ್ಲ, ಎಣ್ಣೆ ಸಿಡಿಯುವುದೂ ಇಲ್ಲ, ಹಾಳೆ ಶುಭ್ರವಾಗಿರುತ್ತದೆ.

ನೀನು ಕಾಗದದ ನಡುವೆ ಇನ್ನೇನೋ ಕೇಳಿದ್ದೆ. ಅಲ್ಲಿ ಶಾಯಿ ಕಲಸಿಹೋಗಿತ್ತು, ಓದಲಾಗಲಿಲ್ಲ.

ಇಂತಿ,
ಎಕ್ಸ್‌ಪ್ರೆಸ್ ಮಾವ


ಆಗಸ್ಟ್ ೧೯

ಕಡ್ಡಿಗೆ ಆಶೀರ್ವಾದ.

ಎರಡು ತಿಂಗಳು ಕಾಗದವಿಲ್ಲ ಎಂದು ನೀನು ಬೈದು ಬರೆದಿದ್ದೆ. ಓಡುವವನಿಗೆ ಬರೆಯಲು ಪುರುಸೊತ್ತೆಲ್ಲಿ? ನನ್ನ ಓಟ ನೋಡಬೇಕಿತ್ತು. ನಮ್ಮ ಬೀದಿಯ ನಾಯಿಗಳು ಮೊದಲ ವಾರ ಅಟ್ಟಿಸಿಕೊಂಡು ಬಂದವು, ಎರಡನೆಯ ವಾರ ಜೊತೆಗೆ ಓಡಿದವು, ಮೂರನೆಯ ವಾರ ಬಿಟ್ಟುಕೊಟ್ಟವು.

ಒಂದು ಸಣ್ಣ ಅಡಚಣೆ. ಜುಲೈ ಕೊನೆಗೆ ಜ್ವರ ಬಂದು ಒಂದು ವಾರ ಮಲಗಿದೆ. ಎದ್ದ ಮೇಲೆ ಗೋಡೆ ನೋಡಿದರೆ ಇಡೀ ವಾರದ ಸಾಲು ಹಾಗೇ ಬಾಕಿ. ನನ್ನ ಕಣ್ಣಿಗೆ ಅದು ಹೊರಡದ ಟ್ರಿಪ್ಪಿನ ಹಾಗೆ ಕಂಡಿತು. ಸ್ಟಾಪಿನಲ್ಲಿ ಜನ ನಿಂತೇ ಇದ್ದಾರೆ, ಬಸ್ಸು ಬಂದಿಲ್ಲ. ಬಸ್ಸು ತಡವಾದರೆ ನಾವೇನು ಮಾಡುತ್ತೇವೆ? ಟೀ ಬಿಟ್ಟು, ಊಟ ಬಿಟ್ಟು, ಟ್ರಿಪ್ಪಿನ ಬೆನ್ನಿಗೆ ಟ್ರಿಪ್ಪು ಹೊಡೆದು ಹೊತ್ತು ತುಂಬಿಕೊಳ್ಳುತ್ತೇವೆ. ಹಾಗೇ ಮಾಡಿದೆ. ಬೆಳಿಗ್ಗೆ ತಪ್ಪಿಹೋದ ವಾರದ ಓಟ, ಸಂಜೆ ಆ ವಾರದ ಓಟ. ಒಂದೂ ಬಿಡಲಿಲ್ಲ. ಬಾಕಿ ಪೂರ್ತಿ ತೀರಿಸಿದೆ.

ಈಗ ಎಡಗಾಲಿನ ಮುಂದಿನ ಎಲುಬು, ಮೊಣಕಾಲಿಗೂ ಪಾದಕ್ಕೂ ನಡುವೆ, ಮುಟ್ಟಿದರೆ ಹಲ್ಲು ಕಚ್ಚುವಂತಾಗಿದೆ. ಕ್ಲಚ್ ಒತ್ತಿದರೆ ಹಗಲಲ್ಲೇ ನಕ್ಷತ್ರ. ಡಾಕ್ಟರಮ್ಮ ಬೈದರು. ಮೂರು ವಾರ ಓಟವೂ ಬೇಡ, ಬಸ್ಸೂ ಬೇಡ ಎಂದರು. ಡಿಪೋದಲ್ಲಿ ಬಚ್ಚಲಲ್ಲಿ ಜಾರಿದೆ ಎಂದಿದ್ದೇನೆ. ನಿಮ್ಮಮ್ಮನಿಗೂ ಅದನ್ನೇ ಹೇಳು.

ಹಾರ್ನ್ ನಿನ್ನೆ ಬಂದು, "ಗುರುಗಳೇ, ಬಚ್ಚಲಲ್ಲೂ ಎಕ್ಸ್‌ಪ್ರೆಸ್ಸಾ?" ಎಂದು ಕೇಳಿ ಹೋದ. ಅವನ ಮುಖಕ್ಕೆ ಚೊಂಬು ಎಸೆಯಬೇಕೆನಿಸಿತು. ಎದ್ದು ನಿಲ್ಲಲು ಆಗಲಿಲ್ಲ.

ಮೂರು ವಾರ ಕಳೆದ ಮೇಲೆ ಆ ಮೂರು ವಾರದ ಬಾಕಿಯನ್ನು ಹೇಗೆ ತುಂಬುವುದು, ಲೆಕ್ಕ ಹಾಕಿ ಕಳಿಸು.

ಇಂತಿ,
ಮಾವ


ಆಗಸ್ಟ್ ೨೬

ಮಾವ,

ನಮಸ್ಕಾರ ಆಮೇಲೆ ಹೇಳುತ್ತೇನೆ. ಮೊದಲು ಬೈಗುಳ.

ತಪ್ಪಿದ ಓಟ ತಪ್ಪಿತು. ಅದನ್ನು ತುಂಬಬಾರದು. ಅದಕ್ಕಾಗಿ ಯಾವ ಸ್ಟಾಪಿನಲ್ಲೂ ಯಾರೂ ಕಾಯುತ್ತಿಲ್ಲ. ಮೂರು ಹಾಳೆಯ ಅಡಿಯಲ್ಲೂ ಇದನ್ನು ಬರೆದಿದೆ. ನೀವು ಪಟ್ಟಿ ಓದಿದಿರಿ, ಕೆಳಗಿನ ಸಾಲು ಬಿಟ್ಟಿರಿ. ಓಡಿದ ದಿನ ಕಾಲು ಸವೆಯುತ್ತದೆ, ಮಲಗಿದ ದಿನ ಗಟ್ಟಿಯಾಗುತ್ತದೆ. ನೀವು ಗಟ್ಟಿಯಾಗುವ ದಿನಗಳನ್ನೆಲ್ಲ ಕಿತ್ತು ಬಿಸಾಡಿದ್ದೀರಿ.

ಮೂರನೆಯ ಹಾಳೆಯನ್ನು ಗೋಡೆಯಿಂದ ತೆಗೆಯಿರಿ. ಡಾಕ್ಟರು ಸರಿ ಎಂದ ದಿನದಿಂದ ಮೊದಲನೆಯದು. ಉಳಿದಿರುವ ಹೊತ್ತಿನಲ್ಲಿ ನಿಮ್ಮನ್ನು ಆ ಬಸ್ಸಿನ ಮುಂದೆ ಇಡಬಲ್ಲ ಪಟ್ಟಿ ಅದೊಂದೇ. ನಡೆಯಲು ನಿಮಗೆ ನಾಚಿಕೆ, ನನಗೆ ಗೊತ್ತು. ನನಗೂ ಇತ್ತು. ನಡೆಯದೆ ಓಡಿ, ಓಡಿ, ಕೊನೆಗೆ ಬಸ್ಸಿನ ಕಿಟಕಿಯ ಪಕ್ಕ ಕೂತೆ.

ಒಪ್ಪದಿದ್ದರೆ ನಾನೇ ಹಾರ್ನ್ ಅವರಿಗೆ ಹೇಳಿ ಪಣ ಬಿಡಿಸುತ್ತೇನೆ.

ನಮಸ್ಕಾರ.
ಕಡ್ಡಿ

ಜೂನಿನ ನನ್ನ ಕಾಗದದಲ್ಲಿ ಶಾಯಿ ಕಲಸಿರಲಿಲ್ಲ. ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದೆ.


ಅಕ್ಟೋಬರ್ ೧೧

ಕಡ್ಡಿಗೆ ಆಶೀರ್ವಾದ.

ಹಾರ್ನ್‌ಗೆ ಹೇಳಿದರೆ ನೀನು ನನ್ನ ಅಕ್ಕನ ಮಗಳೇ ಅಲ್ಲ, ನೆನಪಿರಲಿ. ಪಣ ಬಿಡಿಸುವುದಂತೆ! ನಾನೇನು ಕಂಬಿಗೆ ಸಿಕ್ಕಿಕೊಂಡ ದುಪ್ಪಟ್ಟವೇ, ಯಾರೋ ಬಂದು ಬಿಡಿಸಲು?

ಮೊದಲನೆಯ ಹಾಳೆ ಗೋಡೆಗೆ ಏರಿದೆ. ನೀನು ಹೆದರಿಸಿದೆಯೆಂದಲ್ಲ. ಮೂರನೆಯದರ ಅಂಟು ಬಿಟ್ಟು ತಾನಾಗಿ ಬಿತ್ತು.

ಕಾಲು ವಾಸಿಯಾಗಿದೆ. ಓಡುತ್ತೇನೆ, ನಡೆಯುತ್ತೇನೆ. ಆದರೆ ಮನುಷ್ಯ ಬೀದಿಯಲ್ಲಿ ಚಡ್ಡಿ ಹಾಕಿಕೊಂಡು ಓಡಿ, ಎಲ್ಲರೂ ನೋಡುತ್ತಿರುವಾಗ ಸುಮ್ಮನೆ ನಡೆಯಲು ಶುರು ಮಾಡಿದರೆ ಏನಂದುಕೊಳ್ಳುತ್ತಾರೆ? ಉಸಿರು ಕಟ್ಟಿತು, ಮುದುಕ ಅನ್ನುತ್ತಾರೆ. ಅದಕ್ಕೊಂದು ಉಪಾಯ ಮಾಡಿದೆ. ನಡೆಯುವ ನಿಮಿಷ ಬಂತೋ, ನಿಂತಿರುವ ಯಾವುದಾದರೂ ಕಾರಿನ ಹತ್ತಿರ ಹೋಗಿ, ಹುಬ್ಬು ಗಂಟಿಕ್ಕಿ, ಅದರ ಟೈರು ನೋಡುತ್ತಾ ನಡೆಯುತ್ತೇನೆ. ಒಂದು ಟೈರು, ಇನ್ನೊಂದು ಟೈರು, ತಲೆ ಅಲ್ಲಾಡಿಸುವುದು, ಅಷ್ಟರಲ್ಲಿ ನಿಮಿಷ ಮುಗಿಯಿತು, ಓಟ.

ಕಳೆದ ವಾರ ಒಬ್ಬರು ಮನೆಯಿಂದ ಟವೆಲು ಸುತ್ತಿಕೊಂಡೇ ಓಡಿ ಬಂದರು. "ಏನಾಗಿದೆ ಸಾರ್ ನನ್ ಗಾಡಿಗೆ? ದಿನಾ ಬಂದು ನೋಡಿ ತಲೆ ಆಡಿಸ್ತೀರಲ್ಲ, ನಮ್ಮನೆಯವಳು ಅದರಲ್ಲಿ ಕೂರೋಕೇ ಒಪ್ತಿಲ್ಲ!"

"ಇನ್ನೂ ಒಂದು ವರ್ಷ ಬರುತ್ತೆ. ಆದ್ರೆ ಎಡಕ್ಕೆ ತಿರುಗಿಸುವಾಗ ನಿಧಾನ" ಎಂದು ಹೇಳಿ ಓಡಿದೆ. ಈಗ ಅವರು ಎಡಕ್ಕೆ ತಿರುಗುವುದನ್ನೇ ಬಿಟ್ಟಿದ್ದಾರೋ ಏನೋ.

ಒಂದು ಮಾತು ಒಪ್ಪುತ್ತೇನೆ, ನಿಮ್ಮಮ್ಮನಿಗೆ ಹೇಳಬೇಡ. ಮೊನ್ನೆ ಬೆಳಿಗ್ಗೆ ನಾನು ಹಿಂದೆಂದೂ ಓಡದಷ್ಟು ದೂರ ಓಡಿದೆ. ಮನೆಗೆ ಬಂದಾಗ ಇನ್ನೂ ಉಸಿರು ಉಳಿದಿತ್ತು. ಯಾರಿಗಾದರೂ ಹೇಳೋಣ ಎಂದರೆ ಮನೆಯಲ್ಲಿ ನೀರಿನ ಫಿಲ್ಟರು ಬಿಟ್ಟು ಇನ್ನಾರೂ ಇರಲಿಲ್ಲ. ಕ್ಯಾಂಟೀನು ತೆರೆಯುವವರೆಗೆ ಕಾದು, ಹೋಗಿ ಹೇಳಿದೆ. ಕ್ಯಾಂಟೀನಿನಕ್ಕ ಒಲೆ ಸಣ್ಣಗೆ ಮಾಡಿ ಪೂರ್ತಿ ಕೇಳಿಸಿಕೊಂಡಳು. ಸ್ವಲ್ಪ ಉಬ್ಬಿಸಿಯೇ ಹೇಳಿದೆ. ಅದಿಲ್ಲದೆ ಕಥೆ ಹೇಗಾಗುತ್ತದೆ?

ಇಂತಿ,
ಮಾವ


ಡಿಸೆಂಬರ್ ೯

ಕಡ್ಡಿಗೆ ಆಶೀರ್ವಾದ.

ಸುದ್ದಿ ನಿನಗೆ ಆಗಲೇ ಸಿಕ್ಕಿರುತ್ತದೆ. ಆದರೂ ನನ್ನ ಬಾಯಿಂದ ಕೇಳು, ಏಕೆಂದರೆ ನನ್ನ ಬಾಯಿಗೆ ಈಗ ಬೇರೆ ಕೆಲಸವಿಲ್ಲ.

ಶುರು ಚೆನ್ನಾಗಿತ್ತು. ಹಾಳೆ ಹೇಳಿದ ಹಾಗೆ ಓಡಿದೆ, ಹಾಳೆ ಹೇಳಿದ ಹಾಗೆ ನಡೆದೆ. ರಸ್ತೆಯಲ್ಲಿ ಒಂದೂ ಕಾರಿರಲಿಲ್ಲವಾದ್ದರಿಂದ ಆಕಾಶ ನೋಡುತ್ತಾ ನಡೆದೆ. ಬಸ್ಸು ಹಿಂದೆಲ್ಲೋ ಇತ್ತು, ಕಣ್ಣಿಗೂ ಬೀಳುತ್ತಿರಲಿಲ್ಲ.

ಓಟದ ದಾರಿ ನಮ್ಮ ಡಿಪೋ ಗೇಟಿನ ಮುಂದೆಯೇ ಹೋಗುತ್ತದೆ. ಗೇಟಿನಲ್ಲಿ ಎಲ್ಲರೂ ನಿಂತಿದ್ದರು. ಮೆಕ್ಯಾನಿಕ್‌ಗಳು ಗ್ರೀಸ್ ಕೈಯಲ್ಲೇ ಚಪ್ಪಾಳೆ, ಕ್ಯಾಂಟೀನಿನಕ್ಕ ತಟ್ಟೆಗೆ ಸೌಟು ಬಡಿಯುತ್ತಿದ್ದಳು. ಸರಿಯಾಗಿ ಅಲ್ಲಿಯೇ ನನಗೆ ನಡೆಯುವ ನಿಮಿಷ ಬಂತು.

ನೀನೇ ಹೇಳು, ಅಲ್ಲಿ ಹೇಗೆ ನಡೆಯುವುದು?

ನಡೆಯಲಿಲ್ಲ. ಎರಡು ಬೆರಳು ಎತ್ತಿ ಸಲಾಮು ಹೊಡೆದು ಹಾರಿಕೊಂಡು ಹೋದೆ. ಅವರ ಕೂಗು ಬೆನ್ನು ತಳ್ಳುತ್ತಿತ್ತು. ಮುಂದಿನ ನಡಿಗೆಯನ್ನೂ ಬಿಟ್ಟೆ. ಅದರ ಮುಂದಿನದನ್ನೂ. ನನಗಿಂತ ಅರ್ಧ ವಯಸ್ಸಿನವರನ್ನು ದಾಟಿದೆ. ಒಬ್ಬನಿಗೆ ದಾರಿ ಬಿಡು ಎಂದು ಬಾಯಲ್ಲೇ ಹಾರ್ನ್ ಕೂಡ ಹೊಡೆದೆ. ಅಷ್ಟು ಹೊತ್ತು ನಾನು ಎಕ್ಸ್‌ಪ್ರೆಸ್ ಆಗಿದ್ದೆ ಕಡ್ಡಿ. ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಸೇತುವೆ ಹತ್ತುವಾಗ ಎರಡೂ ಮೀನಖಂಡ ಮುಷ್ಟಿಯ ಹಾಗೆ ಬಿಗಿದುಕೊಂಡವು. ನಡೆದೆ. ನಿಂತೆ. ಕಂಬಿ ಹಿಡಿದು ಮತ್ತೆ ನಡೆದೆ. ಹಿಂದಿನಿಂದ ಎಂಜಿನ್ನಿನ ಸದ್ದು ಬಂತು. ಅದು ಯಾವ ಬಸ್ಸು, ಯಾವ ಗೇರಿನಲ್ಲಿದೆ ಎಂದು ತಿರುಗಿ ನೋಡದೆಯೇ ಗೊತ್ತಾಯಿತು. ಪಕ್ಕಕ್ಕೆ ಬಂದು ಬಾಗಿಲು ತೆರೆಯಿತು.

"ಹತ್ತಿ ಗುರುಗಳೇ" ಎಂದ ಹಾರ್ನ್. ಅವನು ನಗುತ್ತಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಮುಂದೆ ನಡಿ."

"ಕಾಲು ನಡುಗ್ತಾ ಇದೆ ನಿಮ್ಗೆ. ಪಣ ಮುಗೀತು, ಹತ್ತಿ. ಮುಂದಿನ ಸೀಟೇ ಖಾಲಿ ಇಟ್ಟಿದೀನಿ."

"ಪಣ ನೀನು ಗೆದ್ದೆ, ತಗೋ. ರಸ್ತೆ ನಿಮ್ಮಪ್ಪಂದಲ್ಲ. ಬಾಗಿಲು ಹಾಕು, ಒಳಗೆ ಕೂತೋರಿಗೆ ಚಳಿ ಹೊಡಿಯುತ್ತೆ."

ಓಟದ ಲೆಕ್ಕದಿಂದ ಹೊರಬಿದ್ದೆನೆಂದು ಎದೆಯ ನಂಬರು ಬಿಚ್ಚಿ ಅವನ ಕೈಗೆ ಕೊಟ್ಟೆ. ಬಸ್ಸು ನನ್ನನ್ನು ದಾಟಿತು. ಸೇತುವೆ ಇಳಿಯುವವರೆಗೂ ಅವನು ಒಮ್ಮೆಯೂ ಹಾರ್ನ್ ಹೊಡೆಯಲಿಲ್ಲ.

ಆಮೇಲೆ ರಸ್ತೆ ತೆರೆದರು. ಕಾರು, ಬೈಕು ಎಲ್ಲ ನುಗ್ಗಿದವು. ನಾನು ಫುಟ್‌ಪಾತಿನ ಮೇಲೆ ನಿನ್ನ ಮೊದಲನೆಯ ಹಾಳೆಯ ಪ್ರಕಾರವೇ ಸ್ವಲ್ಪ ಓಡಿ, ಸ್ವಲ್ಪ ನಡೆದು, ಕೆಂಪು ದೀಪಕ್ಕೆ ನಿಂತು ಹೋದೆ. ನಾನು ಡ್ರೈವರು, ಕೆಂಪು ದೀಪ ದಾಟುವುದಿಲ್ಲ. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು, "ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?" ಎಂದು ಕೇಳಿದಳು. "ಇಲ್ಲಮ್ಮ, ಅವರೆಲ್ಲ ಮುಂದೆ ಹೋದ್ರು" ಎಂದೆ.

ಮುಗಿಯುವ ಜಾಗದಲ್ಲಿ ಕಮಾನು ಬಿಚ್ಚಿ ಲಾರಿಗೆ ಹೇರುತ್ತಿದ್ದರು.

"ಗೆರೆ ಎಲ್ಲಿತ್ತು?" ಎಂದು ಕೇಳಿದೆ.

"ಇಲ್ಲೇ ಎಲ್ಲೋ ಇತ್ತು ಯಜಮಾನ್ರೇ."

"ಎಲ್ಲೋ ಅಂದ್ರೆ ಆಗಲ್ಲ."

ಅವನು ಹಗ್ಗ ಕೆಳಗಿಟ್ಟು, ಕಾಲಿನಿಂದ ಅಂದಾಜು ಮಾಡಿ ಒಂದು ಕಡೆ ನಿಂತ. ನಾನು ಅವನನ್ನು ದಾಟಿದೆ. ಅನುಮಾನ ಉಳಿಯಬಾರದೆಂದು ಮುಂದಿನ ದೀಪದ ಕಂಬದವರೆಗೂ ಓಡಿದೆ. ನಡೆಯಲಿಲ್ಲ, ಓಡಿದೆ.

ಇಂತಿ,
ಮಾವ


ಡಿಸೆಂಬರ್ ೨೮

ಮಾವನಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಮ್ಮ ಡಾಕ್ಟರಿಗೂ ಓದಿ ಹೇಳಿದೆ. ಅಲ್ಲಿ ಬಾಯಿ ತೆರೆದು ಮಲಗಿದ್ದವರು ಬಾಯಿ ಮುಚ್ಚದೆ ಕೇಳಿದರು.

ನನ್ನ ಮೇಲೆ ಕೋಪ ಮಾಡಿಕೊಳ್ಳಿ, ಪರವಾಗಿಲ್ಲ. ಹಾರ್ನ್ ಅವರಿಗೆ ಫೋನ್ ಮಾಡಿದ್ದೆ. ನೀವು ದಿನಾ ಕ್ಯಾಂಟೀನಿಗೆ ಬಂದು, ಟೀ ಕುಡಿದು, ತುಟಿ ಬಿಚ್ಚದೆ ಎದ್ದು ಹೋಗುತ್ತೀರಂತೆ. "ಜಾಗ ಬಿಕೋ ಅನ್ನುತ್ತಮ್ಮ, ನಾನೇ ಪಣ ಬಿಟ್ಟುಕೊಡ್ತೀನಿ, ನೀನೇ ಒಪ್ಪಿಸು" ಎಂದರು. ಅವರ ದನಿ ಕುಗ್ಗಿಹೋಗಿತ್ತು.

ಒಪ್ಪಿಕೊಳ್ಳಿ ಮಾವ. ನೀವು ಪೂರ್ತಿ ದೂರ ಓಡಿದ್ದು ಎಲ್ಲರಿಗೂ ಗೊತ್ತು. ಇನ್ನು ಯಾರಿಗೆ ಏನು ತೋರಿಸಬೇಕು? ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಹೊಸ ಎಂಜಿನ್ ಎನ್ನುತ್ತೀರಿ. ನಿನ್ನೆ ಯಾರ ಜೊತೆ ಮಾತಾಡಿದಿರಿ? ಅದೊಂದು ಬರೆಯಿರಿ.

ನಿಮ್ಮ
ಕಡ್ಡಿ


ಜನವರಿ ೭

ಕಡ್ಡಿಗೆ ಆಶೀರ್ವಾದ.

ಯಾರ ಜೊತೆಯೂ ಇಲ್ಲ. ಬಸ್ಸಿನಲ್ಲಿ "ಬಾಗಿಲು ಬಿಟ್ಟು ನಿಲ್ರಿ" ಅಂದದ್ದನ್ನು ಮಾತು ಎನ್ನುವುದಾದರೆ ಅದಿದೆ. ಸಂಜೆ ಮನೆಯಲ್ಲಿ ಫ್ಯಾನು ತಿರುಗುವ ಸದ್ದು ಇಷ್ಟು ಜೋರು ಎಂದು ನನಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ನೀನು ಕೇಳಿದೆ, ನಾನು ಹೇಳಿದೆ. ಇನ್ನು ಅದರ ಸುದ್ದಿ ಬೇಡ.

ಈಗ ಪಣದ ಮಾತು. ನಿನ್ನೆ ಕ್ಯಾಂಟೀನಿನಲ್ಲಿ ಹಾರ್ನ್ ಹೊಸ ಹುಡುಗರಿಗೆ ಸೇತುವೆಯ ಕಥೆ ಹೇಳುತ್ತಿದ್ದ. ಎಲ್ಲ ತಪ್ಪು! ನಾನು ಅವನಿಗೆ ಕೈ ಮುಗಿದೆನಂತೆ. ನನ್ನ ಕಣ್ಣಲ್ಲಿ ನೀರಿತ್ತಂತೆ. "ರಸ್ತೆ ನಿಮ್ಮಪ್ಪಂದಲ್ಲ" ಎಂಬ ಚಿನ್ನದಂಥ ಮಾತನ್ನೇ ನುಂಗಿಬಿಟ್ಟ. ನಾನು ಪಕ್ಕದ ಬೆಂಚಿನಲ್ಲೇ ಕೂತು ಕೇಳುತ್ತಿದ್ದೇನೆ, ಒಳಗೆ ಕುದಿಯುತ್ತಿದ್ದೇನೆ. ಹೇಳುತ್ತಾ ಹೇಳುತ್ತಾ ಅವನೇ ನನ್ನ ಕಡೆ ತಿರುಗಿದ.

"ತಪ್ಪಾದ್ರೆ ತಿದ್ದಿ ಗುರುಗಳೇ. ಅದಕ್ಕೇ ತಪ್ಪು ಹೇಳ್ತಿರೋದು. ಸಾಕು ಈ ಮೌನ. ಎಲ್ಲರ ಮುಂದೆ ಹೇಳ್ತೀನಿ, ಪಣ ಬಿಟ್ಟೆ."

ಕ್ಯಾಂಟೀನಿನಕ್ಕ ನನ್ನ ಮುಂದೆ ಬಂದು ಕೂತಳು. "ಮಾತಾಡಣ್ಣ. ನಿನ್ ಸುಳ್ಳು ಕೇಳದೆ ಟೀನೇ ಕುದೀತಿಲ್ಲ ನಮ್ಗೆ."

ಮಾತು ತುಟಿಯ ತುದಿಯವರೆಗೆ ಬಂದಿತ್ತು, ಕಡ್ಡಿ. ಇನ್ನೊಂದು ಗಳಿಗೆ ಅವಳು ಹಾಗೇ ನೋಡಿದ್ದರೆ ಸುರಿದುಬಿಡುತ್ತಿತ್ತು. ತಲೆ ಅಲ್ಲಾಡಿಸಿದೆ. ಆಗಲ್ಲ. ಬಿಟ್ಟುಕೊಟ್ಟ ಮಾತು ನನಗೆ ಬೇಡ, ಗೆದ್ದ ಮಾತು ಬೇಕು. ಕನಿಕರಕ್ಕೆ ಬಾಯಿ ಬಿಟ್ಟರೆ ನಾಳೆಯಿಂದ ಅವರು ನನ್ನ ಕಥೆಗೆ ನಗುವುದು ಕಥೆಗಲ್ಲ, ನನ್ನ ವಯಸ್ಸಿಗೆ. ಅಂಥ ಕಿವಿಗಳ ಮುಂದೆ ಕಥೆ ಹೇಳುವುದಕ್ಕಿಂತ ಫ್ಯಾನಿನ ಸದ್ದೇ ವಾಸಿ.

ಈ ವರ್ಷದ ಓಟಕ್ಕೂ ಹೆಸರು ಕೊಟ್ಟಿದ್ದೇನೆ. ಪಟ್ಟಿಯನ್ನೂ ಆರಿಸಿ ಆಗಿದೆ, ನೀನು ಕಳಿಸುವುದು ಬೇಡ. ಮೊದಲನೆಯದೇ. ಜ್ವರ ಬಂದರೆ ಮಲಗುತ್ತೇನೆ, ತಪ್ಪಿದ ದಿನ ತಪ್ಪಲಿ. ಇನ್ನು ಡಿಪೋ ಗೇಟಿನ ಮುಂದೆ ನಡೆಯುವ ನಿಮಿಷ ಬಂತೋ, ನಡೆಯುತ್ತೇನೆ. ಬರದಿದ್ದರೂ ನಡೆಯುತ್ತೇನೆ! ಕೈ ಬೆನ್ನಿಗೆ ಕಟ್ಟಿಕೊಂಡು, ಒಬ್ಬೊಬ್ಬರ ಮುಖ ನೋಡುತ್ತಾ, ಗೇಟಿನ ಈ ತುದಿಯಿಂದ ಆ ತುದಿಯವರೆಗೆ. ಬೇಕಾದವರು ನಗಲಿ. ಡಿಸೆಂಬರಿನಲ್ಲಿ ನಿನಗೆ ರಜೆ ಸಿಕ್ಕರೆ ಬಾ, ಸೇತುವೆಯ ಮೇಲೆ ನಿಂತು ನೋಡು. ಸಿಗದಿದ್ದರೆ ಹಲ್ಲುನೋವೆಂದು ಹೇಳಿ ಬಾ.

ಇದನ್ನು ಕ್ಯಾಂಟೀನಿನಲ್ಲೇ ಕೂತು ಬರೆಯುತ್ತಿದ್ದೇನೆ. ಮಾತಾಡಬಾರದು ಎಂದಿತ್ತು, ಬರೆಯಬಾರದು ಎಂದಿರಲಿಲ್ಲ. ಈ ಕಾಗದದ ಎರಡನೆಯ ಪುಟಕ್ಕೆ ಬಂದಾಗ ಟೇಬಲ್ಲುಗಳೆಲ್ಲ ಸುಮ್ಮನಾದವು. ನಾನು ಆಗಾಗ ಒಬ್ಬನೇ ನಗುತ್ತೇನೆ, ಬೇಕೆಂದೇ. ಹಾರ್ನ್ ನೀರು ಕುಡಿಯುವ ನೆಪದಲ್ಲಿ ಮೂರು ಸಲ ನನ್ನ ಬೆನ್ನ ಹಿಂದೆ ಹಾದುಹೋದ. ಈಗ ನಾಲ್ಕನೆಯ ಸಲ ಬಂದು, ಕತ್ತು ಉದ್ದ ಮಾಡಿ ನಿಂತಿದ್ದಾನೆ. "ಏನ್ ಬರೀತಿದೀರ ಗುರುಗಳೇ? ನನ್ ಹೆಸ್ರು ಕಾಣ್ತಿದೆ. ಏನಂತ ಬರ್ದಿದೀರ? ಒಂದ್ ಸಾಲು ಓದಿ ಹೇಳಿ ಸಾಕು!"

ನಾನು ಎಡಗೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇಂತಿ,
ನಿನ್ನ ಮಾವ